ಕರಿಯನಿಗೂ ಒಂದು ಮನೆ ಬೇಕು

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ಹಿರಿಯರು ಹೇಳಿದ್ದಾರೆ. ನಾಯಿಯನ್ನು ಜೊತೆಗೆ ಕಟ್ಟಿಕೊಂಡು ಬಾಡಿಗೆ ಮನೆ ಹುಡುಕಿ ನೋಡು ಎಂದು ಅವರು ಸೇರಿಸಲಿಲ್ಲ. ಅವರ ಕಾಲದ ನಾಯಿಗಳು ಜಗಲಿಯ ಮೇಲೆ ಮಲಗುತ್ತಿದ್ದವು. ಯಾರೂ ಅವುಗಳ ತೂಕ ಕೇಳುತ್ತಿರಲಿಲ್ಲ. 2022ರ ಬೇಸಿಗೆಯಲ್ಲಿ ಕೆಲಸ ಬದಲಾಗಿ ಒಹಾಯೋದಿಂದ ದಕ್ಷಿಣ ಕೆರೊಲೈನಾದ ಚಾರ್ಲ್ಸ್‌ಟನ್‌ಗೆ ಹೊರಟಾಗ ನಮಗೆ ಈ ಭಾಗ್ಯ ಒದಗಿತು. ಸಮುದ್ರತೀರದ ಊರುಗಳಿಗೆ ಹೋಗುವ ಸದಸ್ಯರಿಗೆ ಉಪಯೋಗವಾದೀತೆಂದು ನಮ್ಮ ಅನುಭವವನ್ನು ಬರೆಯುತ್ತಿದ್ದೇವೆ.

ನಮ್ಮದು ಚಿಕ್ಕ ಸಂಸಾರ. ನಾವಿಬ್ಬರು, ಹತ್ತು ವರ್ಷದ ಮಗ ಮತ್ತು ಕರಿಯ. ಕರಿಯ ಲ್ಯಾಬ್ರಡಾರ್ ಮತ್ತು ಜರ್ಮನ್ ಶೆಫರ್ಡ್‌ಗಳ ಬೆರಕೆ. ತೂಕ 68 ಪೌಂಡು. ಮೊಸರನ್ನವೆಂದರೆ ಪ್ರಾಣ.

ಮೊದಲು ಅಪಾರ್ಟ್‌ಮೆಂಟುಗಳಿಗೆ ಫೋನ್ ಮಾಡಿದೆವು. ಎಲ್ಲರೂ "ನಮ್ಮದು ಪೆಟ್ ಫ್ರೆಂಡ್ಲಿ" ಎನ್ನುವವರೇ. ವಿಚಾರಿಸಿದರೆ ಒಂದು ಕಡೆ 25 ಪೌಂಡಿನೊಳಗಿನ ನಾಯಿಯೊಡನೆ ಮಾತ್ರ ಸ್ನೇಹ, ಇನ್ನೊಂದು ಕಡೆ 50 ಪೌಂಡಿನವರೆಗೆ. ಮೂರನೆಯವರಿಗೆ ತೂಕದ ಚಿಂತೆ ಇರಲಿಲ್ಲ. ಆದರೆ ಅವರ ನಿಷೇಧದ ಪಟ್ಟಿಯಲ್ಲಿ ಜರ್ಮನ್ ಶೆಫರ್ಡ್ ಇತ್ತು. "ಇವನು ಅರ್ಧ ಮಾತ್ರ ಶೆಫರ್ಡ್" ಎಂದೆವು. "ಅರ್ಧವಾದರೂ ಪೂರ್ತಿ ಲೆಕ್ಕವೇ" ಎಂದರು. ಆಮೇಲೆ ಆ ಹೆಣ್ಣುಮಗಳು ಬಹಳ ಮೃದುವಾಗಿ, "ಊರು ಬಿಡುವಾಗ ಎಷ್ಟೋ ಜನ ನಾಯಿಯನ್ನು ಶೆಲ್ಟರಿಗೆ ಕೊಟ್ಟು ಬರುತ್ತಾರೆ" ಎಂದು ಸೇರಿಸಿದಳು. ಫೋನು ಸ್ಪೀಕರ್‌ನಲ್ಲಿತ್ತು. ಮೆಟ್ಟಿಲ ಮೇಲೆ ಕುಳಿತಿದ್ದ ಮಗ ಎದ್ದು ಕೋಣೆಗೆ ಹೋದ. ಆ ರಾತ್ರಿ ಊಟಕ್ಕೆ ಬರಲಿಲ್ಲ.

ಸ್ನೇಹಿತರೊಬ್ಬರು ಸುಲಭೋಪಾಯ ಸೂಚಿಸಿದರು. ಅಂಗವಿಕಲರಿಗೆ ನೆರವಾಗುವ ಪ್ರಾಣಿಯನ್ನು ಫೇರ್ ಹೌಸಿಂಗ್ ಕಾನೂನು 'ಪೆಟ್' ಎಂದು ಎಣಿಸುವುದಿಲ್ಲ. ಹೇಗಾದರೂ ಒಂದು ಪತ್ರ ಮಾಡಿಸಿಬಿಡಿ ಎಂದರು. ನಮ್ಮ ಮನೆಯಲ್ಲಿ ಅಂಥ ಅಗತ್ಯ ಯಾರಿಗೂ ಇಲ್ಲ. ಊರುಗೋಲು ಬೇಕಾದವನ ಕೈಯಿಂದ ಅದನ್ನು ಕಿತ್ತುಕೊಂಡಂತಾಗುತ್ತದೆಂದು ನಾವು ಒಪ್ಪಲಿಲ್ಲ.

ತಿಪಟೂರಿನಲ್ಲಿರುವ ಅಮ್ಮನಿಗೆ ವಿಷಯ ತಿಳಿಯಿತು. ಜೀವಮಾನದಲ್ಲಿ ಒಂದು ನಾಯಿಯನ್ನೂ ಹೊಸ್ತಿಲು ದಾಟಿಸದ ಮಡಿವಂತೆ ಆಕೆ. "ಪೀಡೆ ಕಳೀತು ಅನ್ನಿ" ಎನ್ನುತ್ತಾಳೆಂದುಕೊಂಡಿದ್ದೆವು. ಆಕೆ ಹೇಳಿದ್ದೇ ಬೇರೆ. "ಬಾಯಿಲ್ಲದ ಪ್ರಾಣಿ ಕಣ್ರೋ. ಇಷ್ಟು ವರ್ಷ ಅನ್ನ ಹಾಕಿ ಈಗ ಬೀದಿಗೆ ಬಿಡಬೇಡಿ." ಧರ್ಮರಾಯ ಸ್ವರ್ಗದ ಬಾಗಿಲಲ್ಲೂ ನಾಯಿಯನ್ನು ಬಿಡಲು ಒಪ್ಪಲಿಲ್ಲವಂತೆ. ನಮಗೆ ಸ್ವರ್ಗವೇನೂ ಬೇಡ, ಎರಡು ಬೆಡ್‌ರೂಮು ಸಾಕಾಗಿತ್ತು.

ಜೂನ್‌ನಲ್ಲಿ ಕರಿಯನನ್ನೂ ಕಾರಿನಲ್ಲಿ ಹಾಕಿಕೊಂಡು ಹೋಗಿ ಮನೆಗಳನ್ನು ನೋಡಿದೆವು. ಆಷ್ಲಿ ಮತ್ತು ಕೂಪರ್ ನದಿಗಳ ನಡುವಿನ ಹಳೆಯ ಊರು ಬಹಳ ಚೆಂದ. ಅಲ್ಲಿನ 'ಸಿಂಗಲ್ ಹೌಸ್'ಗಳು ಒಂದೇ ಕೋಣೆಯಷ್ಟು ಅಗಲ. ಬೀದಿಗೆ ಕಿರಿದಾದ ಬದಿಯನ್ನು ತೋರಿಸಿಕೊಂಡು ಉದ್ದಕ್ಕೆ ಹಿಂದಕ್ಕೆ ಹೋಗುತ್ತವೆ. ಸಮುದ್ರದ ಗಾಳಿ ಬರಲೆಂದು ಒಂದು ಪಕ್ಕಕ್ಕೆ ಉದ್ದನೆಯ ಜಗಲಿ. ಅವರು ಅದನ್ನು 'ಪಿಯಾಜಾ' ಎನ್ನುತ್ತಾರೆ. ಅಂಥದೊಂದು ಮನೆಯ ಮಾಲೀಕರು ಕರಿಯನಿಗೂ ಒಪ್ಪಿಗೆ ಕೊಟ್ಟರು. ಅವನು ಆಗಲೇ ಆ ಜಗಲಿಯಲ್ಲಿ ಕಾಲು ಚಾಚಿದ್ದ.

ಆದರೆ ಗೋಡೆಯ ಬುಡದಲ್ಲಿ ನೀರಿನ ಕಲೆ ಕಾಣಿಸಿತು. ಆ ಹಳೆಯ ಊರಿನ ಬಹಳಷ್ಟು ನೆಲ ಜೌಗು ಮತ್ತು ತೊರೆಗಳನ್ನು ತುಂಬಿಸಿ ಮಾಡಿದ್ದು. ದೊಡ್ಡ ಉಬ್ಬರ ಬಂದ ದಿನ ಮಳೆಯೇ ಇಲ್ಲದೆ ತಗ್ಗಿನ ರಸ್ತೆಗಳಿಗೆ ನೀರು ನುಗ್ಗುತ್ತದೆ. ಮನಸ್ಸಿಲ್ಲದ ಮನಸ್ಸಿನಿಂದ ಆ ಮನೆ ಬಿಟ್ಟೆವು. ಇನ್ನೊಂದು ಹೊಸ ಬಡಾವಣೆಯಲ್ಲಿ ಅಂದವಾದ ಕೊಳವಿತ್ತು. ದಡದಲ್ಲಿ "ಮೊಸಳೆ ಇದೆ, ಎಚ್ಚರಿಕೆ" ಎಂಬ ಬೋರ್ಡೂ ಇತ್ತು. ಅಲ್ಲಿ ಕಾರಿನಿಂದ ಇಳಿಯಲೇ ಇಲ್ಲ.

ಕೊನೆಗೆ ವೆಸ್ಟ್ ಆಷ್ಲಿಯಲ್ಲಿ, ನೆಲದಿಂದ ಎತ್ತರಿಸಿ ಕಟ್ಟಿದ, ಹಿತ್ತಲಿಗೆ ಬೇಲಿಯಿದ್ದ ಒಂದು ಹಳೆಯ ಮನೆ ಸಿಕ್ಕಿತು. ಮಾಲೀಕರು ನಿವೃತ್ತ ಶಾಲಾ ಶಿಕ್ಷಕಿ. ನಮ್ಮ ಹಳೆಯ ಮನೆಯವರ ಪತ್ರ, ಪಶುವೈದ್ಯರ ಚುಚ್ಚುಮದ್ದಿನ ದಾಖಲೆ, ಕರಿಯನ ಫೋಟೋ ಎಲ್ಲವನ್ನೂ ಒಂದು ಫೈಲಿನಲ್ಲಿ ಜೋಡಿಸಿ ವರಪರೀಕ್ಷೆಗೆ ಬಂದವರಂತೆ ಕುಳಿತೆವು. ಅವರು ಫೈಲು ತೆರೆಯಲಿಲ್ಲ. ಕರಿಯನ ಕಿವಿ ಸವರುತ್ತ ಒಂದೇ ಪ್ರಶ್ನೆ ಕೇಳಿದರು: "ಚಂಡಮಾರುತ ಬಂದರೆ ಇವನನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ?"

ಅಷ್ಟು ದಿನ ತೂಕ ಕೇಳಿದವರಿದ್ದರು, ಜಾತಿ ಕೇಳಿದವರಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. 1989ರ ಸೆಪ್ಟೆಂಬರ್‌ನಲ್ಲಿ ಹ್ಯೂಗೋ ಚಂಡಮಾರುತ ಬಂದಾಗ ನಾಯಿಗೆ ಜಾಗ ಕೊಡುವ ಆಶ್ರಯ ಎಲ್ಲೂ ಸಿಗದೆ, ಅವರು ಅದನ್ನು ತಬ್ಬಿಕೊಂಡು ಇದೇ ಮನೆಯ ಬಟ್ಟೆಯ ಕ್ಲಾಸೆಟ್‌ನಲ್ಲಿ ರಾತ್ರಿ ಕಳೆದರಂತೆ. 2005ರ ಕತ್ರಿನಾದಲ್ಲೂ ಅನೇಕರು ಸಾಕುಪ್ರಾಣಿಗಳನ್ನು ಬಿಟ್ಟು ಬರಲಾರದೆ ಮನೆಯಲ್ಲೇ ಉಳಿದರು. ಅದರಿಂದಲೇ 2006ರಲ್ಲಿ ಕಾನೂನು ಬಂದು, ಜನರನ್ನು ಸ್ಥಳಾಂತರಿಸುವ ಸರ್ಕಾರಿ ಯೋಜನೆಗಳಲ್ಲಿ ಸಾಕುಪ್ರಾಣಿಗಳಿಗೂ ಲೆಕ್ಕ ಸಿಕ್ಕಿತು. ಆದರೂ ಎಲ್ಲ ಆಶ್ರಯತಾಣಗಳೂ ನಾಯಿಯನ್ನು ಒಳಗೆ ಬಿಡುವುದಿಲ್ಲ. ಕೊಲಂಬಿಯಾದ ಕಡೆಗೆ, ಒಳನಾಡಿನಲ್ಲಿ, ನಾಯಿಗೆ ಅವಕಾಶವಿರುವ ಮೂರು ಮೋಟೆಲುಗಳ ಹೆಸರನ್ನು ಅವರೇ ಬರೆದುಕೊಟ್ಟರು. ಆಮೇಲೆ ಬೀಗದ ಕೈ ಕೊಟ್ಟರು.

ಅದೇ ವರ್ಷ ಸೆಪ್ಟೆಂಬರ್ 30ರಂದು ಇಯಾನ್ ಚಂಡಮಾರುತ ಜಾರ್ಜ್‌ಟೌನ್ ಬಳಿ ದಡ ಮುಟ್ಟಿತು. ಚಾರ್ಲ್ಸ್‌ಟನ್ನಿನ ಹಳೆಯ ಊರಿನ ಹಲವು ರಸ್ತೆಗಳಲ್ಲಿ ನೀರು ನಿಂತಿತು. ನಮ್ಮ ಮನೆಯಲ್ಲಿ ಕರೆಂಟು ಹೋಯಿತು, ಹಿತ್ತಲಲ್ಲಿ ಕೊಂಬೆಗಳು ಮುರಿದುಬಿದ್ದವು, ಅಷ್ಟೆ. ಕರಿಯನ ಚೀಲ ಮೂರು ದಿನ ಬಾಗಿಲ ಬಳಿ ಸಿದ್ಧವಾಗಿತ್ತು, ತೆರೆಯಬೇಕಾಗಲಿಲ್ಲ. ಆ ರಾತ್ರಿ ಮಗ ಅವನ ಪಕ್ಕದಲ್ಲೇ ನೆಲದ ಮೇಲೆ ಮಲಗಿದ.

ಹೊರಡುವವರಿಗೆ ಕೆಲವು ಮಾತು. ಪೆಟ್ ಡಿಪಾಸಿಟ್ ಹಾನಿಯಿಲ್ಲದಿದ್ದರೆ ಸಾಮಾನ್ಯವಾಗಿ ವಾಪಸು ಬರುವ ಹಣ; ಪೆಟ್ ಫೀ ಬರುವುದಿಲ್ಲ; ಪೆಟ್ ರೆಂಟ್ ತಿಂಗಳು ತಿಂಗಳೂ ಕೊಡುವುದು. ಯಾವುದು ಎಷ್ಟೆಂದು ಕರಾರಿನಲ್ಲೇ ಬರೆಸಿಕೊಳ್ಳಿ. ಬಾಯಿಮಾತಿನ "ಪರವಾಗಿಲ್ಲ, ಕರೆತನ್ನಿ" ಸಾಲದು. ಸಹಿ ಹಾಕುವ ಮೊದಲು ಫೀಮಾ ಪ್ರವಾಹ ನಕ್ಷೆಯಲ್ಲಿ ಮನೆಯ ವಿಳಾಸ ನೋಡಿ; ವಲಯದ ಹೆಸರು 'ಎ' ಅಥವಾ 'ವಿ' ಅಕ್ಷರದಿಂದ ಶುರುವಾದರೆ ಅಪಾಯ ಹೆಚ್ಚು. ಸಾಮಾನ್ಯ ಬಾಡಿಗೆದಾರರ ವಿಮೆಯಲ್ಲಿ ಪ್ರವಾಹದ ನಷ್ಟ ಸೇರುವುದಿಲ್ಲ. ರಾಷ್ಟ್ರೀಯ ಪ್ರವಾಹ ವಿಮೆಯನ್ನು ಬಾಡಿಗೆದಾರರೂ ತಮ್ಮ ಸಾಮಾನಿಗೆ ಕೊಳ್ಳಬಹುದು. ಆದರೆ ಸಾಮಾನ್ಯವಾಗಿ 30 ದಿನ ಕಳೆದ ಮೇಲೇ ಜಾರಿಗೆ ಬರುತ್ತದೆ, ಮೋಡ ಕಂಡ ಮೇಲೆ ಓಡಿದರೆ ಪ್ರಯೋಜನವಿಲ್ಲ. ಸೊಳ್ಳೆಯಿಂದ ಹರಡುವ ಹಾರ್ಟ್‌ವರ್ಮ್ ಈ ಕಡೆ ಹೆಚ್ಚು. ಮಾತ್ರೆಯನ್ನು ಚಳಿಗಾಲದಲ್ಲೂ ನಿಲ್ಲಿಸಬೇಡಿ.

ಇನ್ನೇನಾದರೂ ತಿಳಿಯಬೇಕಿದ್ದರೆ ಸಂಘದ ಮೂಲಕ ನಮ್ಮನ್ನು ಸಂಪರ್ಕಿಸಿ. ಚಾರ್ಲ್ಸ್‌ಟನ್ ಕಡೆ ಬಂದರೆ ಮನೆಗೂ ಬನ್ನಿ. ಉಪ್ಪಿಟ್ಟು, ಕಾಫಿ ನಿಮಗೆ ಧಾರಾಳ. ಮೊಸರನ್ನವನ್ನು ಮಾತ್ರ ಒಬ್ಬರೊಡನೆ ಹಂಚಿಕೊಳ್ಳಬೇಕಾದೀತು.