ಮೆಷಿನ್ನಿಗೂ ಸ್ನಾನ ಬೇಕು

ಮಾಲೂರು ಕಡೆ ಕ್ಯಾರೆಟ್ ಕೀಳೋ ಕೆಲಸ ಜೋರಾಗಿದೆ, ಬಿಸಿಲೂ ಏರ್ತಾ ಇದೆ. ಅದಕ್ಕೇ ಇವತ್ತು ಕ್ಯಾರೆಟ್ ತೊಳೆಯೋ ಮೆಷಿನ್ ಬಗ್ಗೆ ಬರೀತಿದ್ದೀನಿ.

ಹೋದ ವಾರ ನಮ್ಮೂರಿನ ಒಬ್ಬರ ಮಾಲು ಸಂಜೆ ತೊಳೆದು ರಾತ್ರಿ ಲೋಡ್ ಆಯ್ತು. ಹೋಗುವಾಗ ಕೆಂಪಗೆ ಹೊಳೀತಿತ್ತು. ಮೂರನೇ ದಿನ ಮಂಡಿಯಿಂದ ಫೋನು: ಮೂಟೆ ತಳದಲ್ಲಿ ಲೋಳೆ, ವಾಸನೆ. ಅಷ್ಟೂ ಲೆಕ್ಕದಲ್ಲಿ ಕಡಿತ. ಬೀಜ ಸರಿಯಿಲ್ಲ, ಲಾರಿ ತಡ ಆಯ್ತು ಅಂತ ಊರಲ್ಲಿ ಮಾತು. ಆದರೆ ಅದೇ ಹೊಲದ ಕ್ಯಾರೆಟ್, ತೊಳೆಯದೆ ಮಣ್ಣು ಸಮೇತ ಅವರ ಮನೆಯಲ್ಲಿ ಉಳಿದಿದ್ದು, ಗಟ್ಟಿಯಾಗೇ ಇತ್ತು.

ಹೀಗೆ ಮೆತ್ತಗೆ ಕೊಳೆಸೋ ಬ್ಯಾಕ್ಟೀರಿಯಾದಲ್ಲಿ ಮುಖ್ಯವಾದದ್ದು ಪೆಕ್ಟೋಬ್ಯಾಕ್ಟೀರಿಯಂ ಕ್ಯಾರೊಟೊವೋರಂ. ಹಳಬರು ಎರ್ವಿನಿಯಾ ಅಂತಿದ್ದರು. ಕ್ಯಾರೊಟೊವೋರಂ ಅಂದ್ರೆ ಕ್ಯಾರೆಟ್ ತಿನ್ನೋದು ಅಂತಲೇ ಅರ್ಥ. ಮಣ್ಣಲ್ಲಿ ಇದ್ದೇ ಇರುತ್ತೆ. ಗಾಯ ಸಿಕ್ಕಿದರೆ ಒಳಗೆ ಹೋಗಿ, ಗೆಡ್ಡೆಯನ್ನ ಹಿಡಿದಿಡೋ ಅಂಟನ್ನೇ ಕರಗಿಸುತ್ತೆ. ಮೆಷಿನ್ನಲ್ಲಿ ಒಂದು ಕೊಳೆತ ಗೆಡ್ಡೆ ಉರುಳಿದರೆ ಸಾಕು, ಅದೇ ನೀರು, ಅದೇ ಬ್ರಷ್ಷು ಉಳಿದದ್ದಕ್ಕೆಲ್ಲ ಹಚ್ಚುತ್ತೆ. ತುದಿ ಮುರಿದದ್ದು, ಸಿಪ್ಪೆ ಉಜ್ಜಿ ಹೋದದ್ದು ಎಲ್ಲವೂ ಅದಕ್ಕೆ ಬಾಗಿಲೇ.

ರಾತ್ರಿ ಮೆಷಿನ್ ನಿಲ್ಲಿಸಿದ ಮೇಲೆ ಬ್ರಷ್ ಬುಡದಲ್ಲಿ, ಡ್ರಮ್ ತೂತಲ್ಲಿ, ಪೈಪ್ ತಿರುವಲ್ಲಿ ಲೋಳೆ ಪದರ ಕಟ್ಟುತ್ತೆ. ಬ್ಯಾಕ್ಟೀರಿಯಾ ಅದರ ಕೆಳಗೆ ಬೆಚ್ಚಗೆ ಕೂತಿರುತ್ತೆ. ಮೇಲೆ ಎಷ್ಟು ಬ್ಲೀಚಿಂಗ್ ಸುರಿದರೂ ಕೆಳಗೆ ಸರಿಯಾಗಿ ಇಳಿಯಲ್ಲ. ಅದಕ್ಕೆ ಕೆಲಸದ ಕ್ರಮ ಮುಖ್ಯ. ಮೊದಲು ಮೇನ್ ಸ್ವಿಚ್ ಆಫ್. ಕಸ, ತುಂಡು ಕ್ಯಾರೆಟ್ ತೆಗೆದು ನೀರು ಹೊಡೀಬೇಕು. ಆಮೇಲೆ ಸೋಪಿನ ಪುಡಿ ಹಾಕಿ ಬ್ರಷ್ ಬುಡ ಉಜ್ಜಿ ತೊಳೀಬೇಕು. ಕೊನೆಗೆ ಕ್ಲೋರಿನ್ ನೀರು ಹತ್ತು ನಿಮಿಷ, ನಂತರ ಒಳ್ಳೇ ನೀರು. ಇಲ್ಲಾಂದ್ರೆ ಕಬ್ಬಿಣಕ್ಕೆ ತುಕ್ಕು. ರಾತ್ರಿಯೆಲ್ಲ ತೊಟ್ಟಿ ಖಾಲಿ ಬಿಟ್ಟು ಒಣಗಿಸಿ.

ಕ್ಲೋರಿನ್ ಲೆಕ್ಕ ಹೀಗೆ. 1000 ಲೀಟರ್ ನೀರಿಗೆ 100 ಪಿಪಿಎಂ ಬೇಕಾದರೆ 100 ಗ್ರಾಂ ಕ್ಲೋರಿನ್. ಹೊಸ ಬ್ಲೀಚಿಂಗ್ ಪೌಡರಲ್ಲಿ ಸುಮಾರು 33% ಇರುತ್ತೆ, ಅಂದ್ರೆ 300 ಗ್ರಾಂ ಪುಡಿ. ಚೀಲ ಬಿಚ್ಚಿಟ್ಟು ಹಳೇದಾದರೆ ಶಕ್ತಿ ಇಳಿಯುತ್ತೆ. ಬಕೆಟ್ಟಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿ ಮಾತ್ರ ತೊಟ್ಟಿಗೆ ಹಾಕಿ. ನೀರಿನ ಪಿಎಚ್ 6.5ರಿಂದ 7.5 ಇದ್ದರೆ ಒಳ್ಳೇದು. 8 ಆದರೆ ಕ್ಲೋರಿನ್ನಿನ ಬಲ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಬರುತ್ತೆ. ಪುಡಿ ಜೊತೆ ಆಸಿಡ್ ಮಾತ್ರ ಯಾವತ್ತೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತೆ. ಇನ್ನೊಂದು, ಮಣ್ಣು ನೀರಲ್ಲಿ ಕ್ಲೋರಿನ್ ಹಾಕಿದರೆ ಮಣ್ಣೇ ಅದನ್ನ ತಿಂದುಬಿಡುತ್ತೆ. ಮಣ್ಣು ಬಿಡಿಸಿದ ಮೇಲೆ, ಕೊನೇ ತೊಳೆತಕ್ಕೆ ಹಾಕಿ. ಗೆಡ್ಡೆ ಒಳಗೆ ಆಗಲೇ ಹೊಕ್ಕಿದ್ದನ್ನ ಕ್ಲೋರಿನ್ ಸಾಯಿಸಲ್ಲ. ಕೊಳೆತದ್ದನ್ನ ಮೆಷಿನ್ನಿಗೆ ಹಾಕೋ ಮೊದಲೇ ಆರಿಸಿ ಎಸೀಬೇಕು.

ನೀರೆಲ್ಲಿದೆ ಸ್ವಾಮಿ ಅಂತೀರಿ. ನಿಜ, ಸಾವಿರ ಅಡಿ ದಾಟಿದ ಬೋರಿಂದ ಬರೋ ನೀರು ಬದಲಾಯಿಸಿ ಅನ್ನೋದು ಬಾಯಿಗೆ ಸುಲಭ. ಆದರೆ ಕೇಳ್ತಿರೋದು ಹೆಚ್ಚು ನೀರಲ್ಲ. ಹೊಸ ನೀರು ಕೊನೇ ತೊಳೆತಕ್ಕೆ ಬರಲಿ, ಅದೇ ನೀರು ಆಮೇಲೆ ಮೊದಲ ಮಣ್ಣು ತೊಳೆಯೋಕೆ ಹೋಗಲಿ. ಈಗ ಬಹಳ ಕಡೆ ಇದು ಉಲ್ಟಾ ನಡೀತಿದೆ. ಮಣ್ಣಿನ ನೀರನ್ನ ಗುಂಡಿಯಲ್ಲಿ ತಂಗಿಸಿ ಮರಕ್ಕೋ ಮೇವಿನ ಹುಲ್ಲಿಗೋ ಬಿಡಿ, ಕ್ಯಾರೆಟ್ ಹೊಲಕ್ಕೆ ಮಾತ್ರ ಬೇಡ.

ತೊಳೆದ ಮಾಲು ನೀರು ಸೋರಿ ಆರೋವರೆಗೂ ಮೂಟೆ ಕಟ್ಟಬೇಡಿ. ಒದ್ದೆ ಮೂಟೆಯಲ್ಲಿ ಗಾಳಿ ಆಡಲ್ಲ, ಈ ಬ್ಯಾಕ್ಟೀರಿಯಾಕ್ಕೆ ಅದೇ ಅನುಕೂಲ.

ಮೆಷಿನ್ ಇಟ್ಟವರನ್ನ ಬೈದು ಪ್ರಯೋಜನ ಇಲ್ಲ. ಸೀಸನ್ನಲ್ಲಿ ಅವರಿಗೂ ಪುರಸೊತ್ತಿಲ್ಲ, ನಿಲ್ಲಿಸಿದ ಒಂದು ಗಂಟೆ ಅವರಿಗೆ ನಷ್ಟ. ಮೂಟೆಗೆ ಇಷ್ಟು ಅಂತ ಕ್ಲೀನಿಂಗಿಗೆ ನಾವೇ ಸೇರಿಸಿ ಕೊಟ್ಟು, ದಿನಾ ರಾತ್ರಿ ತೊಳೀಲೇಬೇಕು ಅಂತ ಕೇಳೋಣ. ಒಬ್ಬರು ಕೇಳಿದರೆ ಜಗಳ, ಹತ್ತು ಜನ ಕೇಳಿದರೆ ಆಗುತ್ತೆ. ಮುಂದಿನ ಸಲ ಮಾಲು ಹಾಕೋ ಮೊದಲು ಮೆಷಿನ್ ನಿಲ್ಲಿಸಿ ಬ್ರಷ್ ಬುಡ ಮುಟ್ಟಿ ನೋಡಿ. ಬೆರಳು ಜಾರಿದರೆ ತೊಳೆಸಿ, ಆಮೇಲೆ ಮೂಟೆ ಬಿಚ್ಚಿ.