ಅಡಿಗೆಯವರು ಅಂಗಡಿಗೆ ಹೋಗುವುದಿಲ್ಲ

ನಮ್ಮ ತುರುವೇಕೆರೆ, ತಿಪಟೂರು ಕಡೆ ಮದುವೆ ಅಡಿಗೆಯವರು ಅಂಗಡಿಗೆ ಹೋಗುವುದಿಲ್ಲ. ಲಗ್ನಕ್ಕೆ ಹದಿನೈದು ದಿನ ಇರುವಾಗ ಬಂದು, ಕಾಫಿ ಕುಡಿದು, ಎಷ್ಟು ಎಲೆ ಬೀಳುತ್ತದೆಂದು ಕೇಳಿ ಪಟ್ಟಿ ಬರೆಸುತ್ತಾರೆ. ಬೇಳೆ ಇಷ್ಟು, ಬೆಲ್ಲ ಇಷ್ಟು, ಕಾಯಿ ಇಷ್ಟು. ಬೆಲ್ಲ ಯಾವ ಮಂಡಿಯದು, ಕಾಯಿ ಸ್ವಂತ ತೋಟದ್ದೋ ಕೊಂಡು ತಂದದ್ದೋ ಎಂಬುದು ಅವರಿಗೆ ಸಂಬಂಧವಿಲ್ಲ. ಅದೆಲ್ಲ ಉಗ್ರಾಣದವರ ಪಾಡು. ಮದುವೆಮನೆಯಲ್ಲಿ ಉಗ್ರಾಣದ ಬೀಗದ ಕೈ ಯಾರ ಸೊಂಟದಲ್ಲಿದೆಯೋ ಅವರೇ ನಿಜವಾದ ಯಜಮಾನರೆಂಬುದು ಹೆಂಗಸರಿಗೆಲ್ಲ ಗೊತ್ತು. ನಮ್ಮ ಬಂಧುಬಳಗದಲ್ಲಿ ಆ ಬೀಗದ ಕೈ ಇಪ್ಪತ್ತು ವರ್ಷದಿಂದ ನನ್ನ ಸೊಂಟದಲ್ಲಿದೆ.

ಇದನ್ನು ಹೇಳುವುದಕ್ಕೆ ಕಾರಣ ನನ್ನ ಮಗಳ ಕೆಲಸ. ಅವಳು ಬೆಂಗಳೂರಿನ ಒಂದು ಕಂಪನಿಯಲ್ಲಿದ್ದಾಳೆ. ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ 'ಕಂಪ್ಯೂಟರ್' ಎಂದು ತೇಲಿಸಿಬಿಡುತ್ತಿದ್ದೆ. ಬಿ.ಎ., ಬಿ.ಎಡ್. ಮಾಡಿ ಮೂವತ್ತು ವರ್ಷ ಸಮಾಜ ಪಾಠ ಹೇಳಿದವಳಿಗೆ ಅದಕ್ಕಿಂತ ಹೆಚ್ಚು ಹೇಳಲು ಬರುತ್ತಿರಲಿಲ್ಲ. ಕಳೆದ ವರ್ಷ ಬಾಣಂತನಕ್ಕೆ ಬಂದವಳನ್ನು ಹಿಡಿದು ಕೂರಿಸಿ ಕೇಳಿದೆ. 'ಜಾವಾ, ಡಿಪೆಂಡೆನ್ಸಿ ಇಂಜೆಕ್ಷನ್' ಎಂದಳು. ಇಂಜೆಕ್ಷನ್ ಎಂದರೆ ನನಗೆ ಕಂಡದ್ದು ಮಗುವಿನ ತೊಡೆಗೆ ಚುಚ್ಚುವ ಸೂಜಿ. ಆಮೇಲೆ ಅವಳೇ ಯೋಚಿಸಿ, 'ಅಮ್ಮ, ನಿನ್ನ ಉಗ್ರಾಣದ ಲೆಕ್ಕವೇ ಅದು' ಎಂದಳು.

ಒಂದು ದೊಡ್ಡ ಪ್ರೋಗ್ರಾಮಿನಲ್ಲಿ ನೂರಾರು ಭಾಗಗಳಿರುತ್ತವೆ. ಲೆಕ್ಕ ಹಾಕುವುದೊಂದು, ಮಾಹಿತಿಯನ್ನು ಕೋಶದಿಂದ ತೆಗೆದು ಕೊಡುವುದೊಂದು, ಓಲೆ ಕಳಿಸುವುದೊಂದು. ಮೊದಲು ಪ್ರತಿ ಭಾಗವೂ ತನಗೆ ಬೇಕಾದದ್ದನ್ನು ತಾನೇ ಹುಟ್ಟಿಸಿಕೊಳ್ಳುತ್ತಿತ್ತಂತೆ, ಇಲ್ಲವೇ ಹುಡುಕಿಕೊಂಡು ಹೋಗುತ್ತಿತ್ತಂತೆ. ಅಡಿಗೆಯವನೇ ಸಂತೆಗೆ ಹೋಗಿ, ಹಸು ಕರೆದು, ಮೆಣಸಿನಕಾಯಿ ಒಣಗಿಸಿದ ಹಾಗೆ. ಈಗ ಭಾಗವು ತನಗೆ ಏನೇನು ಬೇಕೆಂದು ಬಾಗಿಲಲ್ಲೇ ಹೇಳುತ್ತದೆ. ಕಂಟೈನರ್ ಎಂಬ ಉಗ್ರಾಣ ಅದನ್ನು ಹೊಂದಿಸಿ ಕೈಗಿಡುತ್ತದೆ. ಇಂಥ ಉಗ್ರಾಣಗಳಲ್ಲಿ ಹೆಸರಾದದ್ದು ಸ್ಪ್ರಿಂಗ್. ಅದರ ಬೇರು ರಾಡ್ ಜಾನ್ಸನ್ ಎಂಬ ಆಸ್ಟ್ರೇಲಿಯಾದವರು 2002ರಲ್ಲಿ ಬರೆದ ಪುಸ್ತಕದಲ್ಲಿದೆ. ಮೊದಲ ಪೂರ್ಣ ಆವೃತ್ತಿ ಹೊರಬಂದದ್ದು 2004ರಲ್ಲಿ. 'ಡಿಪೆಂಡೆನ್ಸಿ ಇಂಜೆಕ್ಷನ್' ಎಂಬ ಹೆಸರನ್ನು ಊರ್ಜಿತ ಮಾಡಿದ್ದು ಅದೇ ವರ್ಷ ಮಾರ್ಟಿನ್ ಫೌಲರ್ ಬರೆದ ಲೇಖನ. ಜಾನ್ಸನ್ ಅವರ ಡಾಕ್ಟರೇಟು ಸಂಗೀತಶಾಸ್ತ್ರದಲ್ಲಿ ಎಂದು ಕೇಳಿ, ನಮ್ಮಂಥ ಆರ್ಟ್ಸ್ ಓದಿದವರಿಗೂ ಒಂದು ಮರ್ಯಾದೆ ಬಂತೆಂದು ಖುಷಿಪಟ್ಟೆ.

ಖುಷಿಯ ಜೊತೆಗೇ ಒಂದು ತಕರಾರೂ ಹುಟ್ಟಿತು. 'ಇದೇನೇ ಇದು, ಸ್ವಾವಲಂಬಿಗಳಾಗಿ, ಯಾರ ಮುಂದೂ ಕೈಯೊಡ್ಡಬೇಡಿ ಎಂದು ಹೆಣ್ಣುಮಕ್ಕಳಿಗೆ ಹೇಳಿ ಹೇಳಿ ನನ್ನ ಗಂಟಲು ಸವೆದಿದೆ. ನಿಮ್ಮಲ್ಲಿ ತನ್ನದು ತಾನು ಮಾಡಿಕೊಂಡರೆ ತಪ್ಪು, ಕೊಟ್ಟದ್ದನ್ನು ಇಸಿದುಕೊಂಡರೆ ಸರಿಯೇ?' ಎಂದೆ.

ಅವಳು ಮಗುವನ್ನು ಭುಜ ಬದಲಿಸಿಕೊಂಡು ಹೇಳಿದಳು: 'ತಾನೇ ಮಾಡಿಕೊಳ್ಳುವ ಭಾಗ ಸ್ವಾವಲಂಬಿ ಅಲ್ಲಮ್ಮ. ಅದರ ಅವಲಂಬನೆ ಒಳಗೆ ಅಡಗಿ ಕೂತಿರುತ್ತದೆ, ಅಷ್ಟೆ. ಹೊರಗಿನವರಿಗೆ ಕಾಣದು, ಬದಲಾಯಿಸಲೂ ಬಾರದು. ಪಟ್ಟಿ ಹಿಡಿದು ನಿಂತದ್ದಕ್ಕೆ ಏನು ಬೇಕೆಂದು ಎಲ್ಲರಿಗೂ ಗೊತ್ತು. ಪರೀಕ್ಷೆ ಮಾಡುವಾಗ ನಿಜವಾದ ಬ್ಯಾಂಕಿನ ಬದಲು ಆಟದ ಬ್ಯಾಂಕು ಕೊಟ್ಟರೂ ಅದು ತನ್ನ ಕೆಲಸ ಮಾಡುತ್ತದೆ.'

ಈ ಮಾತು ನನ್ನಲ್ಲಿ ಬಹಳ ದಿನ ಕೂತಿತ್ತು.

ಭಾಗಗಳಿಗೆ ಅವರು 'ಬೀನ್' ಎನ್ನುತ್ತಾರೆ. ಹುರುಳಿಕಾಯಿಯಲ್ಲ, ಕಾಫಿ ಬೀಜ. ಜಾವಾ ಎಂಬುದು ಕಾಫಿಯ ಹೆಸರಲ್ಲವೇ. ಬೀನಿಗೆ ಹುಟ್ಟು, ಬಾಳು, ಕೊನೆ ಎಲ್ಲ ಇದೆ. ಹುಟ್ಟಿದ ತಕ್ಷಣ ಕೆಲಸಕ್ಕೆ ಬರುವುದಿಲ್ಲ. ಬೇಕಾದದ್ದೆಲ್ಲ ಕೈಸೇರಿದ ಮೇಲೆ 'ಇನ್ನು ಸಿದ್ಧವಾಗು' ಎಂದು ಉಗ್ರಾಣವೇ ಕರೆಯುತ್ತದೆ. ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮರದಿಂದ ಇಳಿಸಿದ ಕಾಯಿ ಅಟ್ಟ ಸೇರಿ ಹತ್ತು ಹನ್ನೆರಡು ತಿಂಗಳು ಕೂತು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಿಟುಕು ಗಡಗಡ ಎನ್ನಬೇಕು. ಆಮೇಲೆ ಸುಲಿದರೆ ಉಂಡೆ ಕೊಬ್ಬರಿ. ಅವಸರದಲ್ಲಿ ಒಡೆದರೆ ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ.

ಪಟ್ಟಿಯಲ್ಲಿರುವುದು ಉಗ್ರಾಣದಲ್ಲಿಲ್ಲದಿದ್ದರೆ ಪ್ರೋಗ್ರಾಮು ಶುರುವಾಗುವುದೇ ಇಲ್ಲವಂತೆ. ಒಳ್ಳೆಯದೇ, ಬೆಲ್ಲವಿಲ್ಲವೆಂದು ಹಿಂದಿನ ರಾತ್ರಿ ಗೊತ್ತಾಗಬೇಕು, ಎಲೆ ಹಾಕಿದ ಮೇಲಲ್ಲ. ಇದಕ್ಕೆ ಅದು ಬೇಕು, ಅದಕ್ಕೆ ಇದು ಬೇಕು ಎಂದಾದರೂ ಕಷ್ಟ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯೇ ಸರಿ. ಮೊದಲು ಸ್ಪ್ರಿಂಗ್ ಇಂಥದ್ದನ್ನು ಹೇಗೋ ಸರಿದೂಗಿಸುತ್ತಿತ್ತು. 2021ರಿಂದ ಸ್ಪ್ರಿಂಗ್ ಬೂಟ್ ಅದನ್ನು ತಾನಾಗಿ ಒಪ್ಪುವುದಿಲ್ಲ.

ಇನ್ನೊಂದು ಭೇದವನ್ನು ನಾನು ಕಣ್ಣಾರೆ ಕಂಡೆ. ಸಾಮಾನ್ಯವಾಗಿ ಒಂದು ಬಗೆಯ ಬೀನು ಇಡೀ ಉಗ್ರಾಣಕ್ಕೆ ಒಂದೇ, ಮನೆಗೊಂದು ಒರಳಿನಂತೆ. ಕೇಳಿದವರಿಗೆಲ್ಲ ಹೊಸದು ಕೊಡಬೇಕೆಂದೂ ಬರೆಯಬಹುದು, ಬಾಳೆಎಲೆಯಂತೆ. ಒರಳನ್ನು ಕೊನೆಗೆ ತೊಳೆದು ಮುಚ್ಚುವ ಹೊಣೆ ಉಗ್ರಾಣದ್ದು. ಎಲೆಯನ್ನು ಮಾತ್ರ ಅದು ಕೊಟ್ಟು ಮರೆತುಬಿಡುತ್ತದೆ, ಎತ್ತಬೇಕಾದವರು ಉಂಡವರೇ. ಮೂರು ವರ್ಷದ ಹಿಂದೆ ಗೌರಿಹಬ್ಬಕ್ಕೆ ಬಂದಿದ್ದವಳಿಗೆ ರಾತ್ರಿ ಹನ್ನೊಂದಕ್ಕೆ ಫೋನು ಬಂತು. ಯಾರೋ ಬರೆದಿದ್ದ ಎಲೆಯ ಜಾತಿಯ ಬೀನುಗಳು, ಒಂದೊಂದೂ ಮಾಹಿತಿ ಕೋಶದ ಕಡೆಗೆ ಒಂದೊಂದು ದಾರಿ ಹಿಡಿದು ಬಿಡದೆ ಕೂತಿದ್ದವು. ದಾರಿಗಳಿಗೆ ಮಿತಿಯುಂಟು. ಮುಗಿದ ಮೇಲೆ ಹೊಸಬರಿಗೆ ಪ್ರವೇಶವಿಲ್ಲ, ಎಲ್ಲವೂ ನಿಂತಿತು. ಉಗ್ರಾಣ ಮುಚ್ಚೀತು ಎಂದು ಬರೆದವರು ನಂಬಿದ್ದರು. ಅದು ಮುಚ್ಚುವ ಪೈಕಿಯಲ್ಲ. ಬಾಗಿನದ ಮೊರಗಳ ನಡುವೆ ಲ್ಯಾಪ್‌ಟಾಪು ಇಟ್ಟುಕೊಂಡು ಅವಳು ಎದ್ದಾಗ ಬೆಳಗಿನ ಜಾವ ಮೂರು ಗಂಟೆ.

ಮತ್ತೆ, ಪದಾರ್ಥ ಬೇರೆ, ಪಟ್ಟಿ ಬೇರೆ ಇರಬೇಕಂತೆ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಲ್ಲಿ 2018ರಲ್ಲಿ ಮೋಸಿಪ್ ಎಂಬ ಯೋಜನೆ ಶುರುವಾಯಿತು. ಯಾವುದೇ ದೇಶ ತನ್ನ ಪ್ರಜೆಗಳಿಗೆ ಗುರುತಿನ ಸಂಖ್ಯೆ ಕೊಡಲು ಬಳಸಿಕೊಳ್ಳಬಹುದಾದ ತಂತ್ರಾಂಶ, ಜಾವಾ ಮತ್ತು ಸ್ಪ್ರಿಂಗ್ ಬೂಟಿನಲ್ಲಿ ಬರೆದದ್ದು. ಫಿಲಿಪೈನ್ಸ್, ಮೊರಾಕೊ ಅದನ್ನು ತೆಗೆದುಕೊಂಡಿವೆ. ಅರ್ಜಿ ಯಾವ ಭಾಷೆಯಲ್ಲಿರಬೇಕು ಎಂಬಂಥದ್ದನ್ನು ಆಯಾ ದೇಶದ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಬರೆದಿಡುತ್ತಾರೆ. ಅದಕ್ಕಾಗಿ ಮೂಲವನ್ನು ತಿದ್ದುವುದಿಲ್ಲ. ಹುಳಿಪುಡಿ ಒಂದೇ, ಉಪ್ಪು ಖಾರ ಮನೆಮನೆಯದು.

ಮಗಳು ಹೈಸ್ಕೂಲಿನಲ್ಲಿದ್ದಾಗ ನಾನು ಹತ್ತು ದಿನದ ತರಬೇತಿಗೆಂದು ತುಮಕೂರಿಗೆ ಹೋಗಿದ್ದೆ. ಎರಡನೇ ದಿನದಿಂದಲೇ ಫೋನು. ಮಾವನವರ ಮಾತ್ರೆ ಯಾವ ಡಬ್ಬಿಯಲ್ಲಿದೆ, ಹಾಲಿನವನಿಗೆ ಎಷ್ಟು ಬಾಕಿ, ಗ್ಯಾಸಿನ ಪುಸ್ತಕ ಎಲ್ಲಿ, ಅಟ್ಟದ ಕಾಯಿ ಯಾವಾಗ ಇಳಿಸಿದ್ದು. ಆಗ ನನಗೆ ಒಳಗೊಳಗೇ ಸಂತೋಷವಾಗಿತ್ತು, ಮುಚ್ಚಿಡುವುದೇಕೆ. ಮಗಳ ನೆನಪು ಬೇರೆ. 'ಆ ಮನೆಯಲ್ಲಿ ಎಲ್ಲರ ಅವಲಂಬನೆಯೂ ನಿನ್ನ ತಲೆಯೊಳಗೆ ಅಡಗಿತ್ತು. ನೀನು ಹುಷಾರು ತಪ್ಪಿದರೆ ಏನು ಗತಿ ಎಂದು ರಾತ್ರಿ ನಿದ್ದೆ ಬರುತ್ತಿರಲಿಲ್ಲ. ನನ್ನ ಮನೆಗೆ ನಾನು ಉಗ್ರಾಣವಾಗುವುದಿಲ್ಲ' ಎಂದಳು.

ನಾನು ಇದನ್ನು ಪೂರ್ತಿ ಒಪ್ಪಿಲ್ಲ. ಬೀಗದ ಕೈ ಇಲ್ಲದ ಹೆಂಗಸಿನ ಮಾತನ್ನು ಯಾವ ಮನೆಯಲ್ಲಿ ಕೇಳಿದ್ದಾರೆ, ನೀವೇ ಹೇಳಿ. ನನ್ನ ಅತ್ತೆ ಅದನ್ನು ನನಗೆ ಕೊಡಲು ಹನ್ನೆರಡು ವರ್ಷ ತೆಗೆದುಕೊಂಡರು. ಅವಳಿಗೆ ಸಂಬಳ ಬರುತ್ತದೆ, ಮಾತು ನಡೆಯುತ್ತದೆ. ಬಿಟ್ಟುಕೊಡುವುದು ಅವಳಿಗೆ ಸುಲಭ.

ಇಪ್ಪತ್ತಾರು ವಾರದ ರಜೆ ಮುಗಿಸಿ ಅವಳು ಕೆಲಸಕ್ಕೆ ಮರಳಿದಾಗ ನಾನು ಬೆಂಗಳೂರಿಗೆ ಹೋಗಿ ಒಂದು ವಾರ ಇದ್ದೆ. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದಳು. ಮಗುವಿಗೆ ಏನೇನು ಬೇಕು, ಯಾರು ಒದಗಿಸಬೇಕು, ಅವರಿಲ್ಲದಿದ್ದರೆ ಇನ್ಯಾರು. ಲಸಿಕೆಯ ಮುಂದೆ ಅಳಿಯಂದಿರ ಹೆಸರು. 'ರಾಗಿ ಸರಿ, ತಿಂಗಳಿಗೊಂದು ಡಬ್ಬಿ' ಎಂಬುದರ ಮುಂದೆ 'ಅಮ್ಮ'. ಅದರ ಪಕ್ಕದಲ್ಲಿ 'ಇಲ್ಲದಿದ್ದರೆ ಅಂಗಡಿಯದು'. ಅದನ್ನು ಓದಿ ಸ್ವಲ್ಪ ನೊಂದೆ. ಆ ರಾತ್ರಿ ಮಾತ್ರ ಅವಳು ಮಗುವಿನ ಪಕ್ಕದಲ್ಲಿ ಎಂಟು ಗಂಟೆ ನಿದ್ದೆ ಮಾಡಿದ್ದನ್ನು ನೋಡಿದೆ. ಅವಳ ವಯಸ್ಸಿನಲ್ಲಿ ನಾನು ಅಷ್ಟು ಮಲಗಿದ್ದು ನೆನಪಿಲ್ಲ.

ಬರುವ ಮೇ 31ಕ್ಕೆ ನನ್ನ ನಿವೃತ್ತಿ. ಶಾಲೆಯಲ್ಲಿ ನನ್ನ ತಲೆಯೊಳಗೆ ಮಾತ್ರ ಇರುವುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದ್ದೇನೆ. ನಲವತ್ತು ಪುಟ ದಾಟಿದೆ. ಉಗ್ರಾಣ ಮುಚ್ಚುವಾಗ ಒಂದನ್ನು ನೆಚ್ಚಿಕೊಂಡದ್ದು ಮೊದಲು ಮುಚ್ಚಬೇಕು, ನೆಚ್ಚಿಸಿಕೊಂಡದ್ದು ಆಮೇಲೆ ಎಂದು ಮಗಳು ಹೇಳಿದ್ದಳು. ಅದರಂತೆ ಬೀಗಗಳ ಕ್ರಮ ಬರೆದೆ. ಸಂಜೆ ಮೊದಲು ಪ್ರಯೋಗಾಲಯ, ಆಮೇಲೆ ಪುಸ್ತಕದ ಕೋಣೆ, ಕೊನೆಗೆ ಆಫೀಸಿನ ಬೀರು. ಬೆಳಿಗ್ಗೆ ಬೀರುವೇ ಮೊದಲು, ಉಳಿದ ಬೀಗದ ಕೈಗಳೆಲ್ಲ ಅದರೊಳಗಿವೆ.