ಇನ್ನೆರಡು ನಿಮಿಷ

ಗಡಿಯಾರದಲ್ಲಿ ಹನ್ನೊಂದಕ್ಕೆ ಇನ್ನೆರಡು ನಿಮಿಷವಿದ್ದುದನ್ನು ಕಂಡೊಡನೆ ಏಕೋ ಜಾರ್ಜ್ ಪ್ರೈಸ್ ನೆನಪಾದನು. 1918ರ ನವೆಂಬರ್ 11ರಂದು, ಮೊದಲನೆಯ ಮಹಾಯುದ್ಧದ ಕದನವಿರಾಮದ ಪತ್ರಕ್ಕೆ ಬೆಳಗಿನ ಜಾವದಲ್ಲಿಯೇ ಸಹಿ ಬಿದ್ದು, ಹನ್ನೊಂದು ಗಂಟೆಗೆ ಶಸ್ತ್ರಗಳೆಲ್ಲ ಮೌನ ತಾಳತಕ್ಕದ್ದೆಂದು ನಿಶ್ಚಿತವಾಗಿದ್ದಾಗ್ಯೂ, ಬೆಲ್ಜಿಯಂ ದೇಶದ ಮಾನ್ಸ್ ನಗರದ ಬಳಿಯ ಹಳ್ಳಿಯೊಂದರಲ್ಲಿ, ಕೆನಡಾ ಸೇನೆಯ 28ನೆಯ ಪದಾತಿದಳದ ಈ ಸಾಮಾನ್ಯ ಸಿಪಾಯಿಯು 10.58ಕ್ಕೆ ಶತ್ರುವಿನ ಗುಂಡಿಗೆ ಬಲಿಯಾದನು. ಅವನನ್ನು ಹೂಳಿರುವ ಸ್ಮಶಾನದಲ್ಲಿಯೇ, 1914ರ ಆಗಸ್ಟಿನಲ್ಲಿ ಮಡಿದ, ಬ್ರಿಟಿಷ್ ಸೇನೆಯ ಪ್ರಥಮ ಆಹುತಿಯೆಂದು ಪರಿಗಣಿತನಾದ ಜಾನ್ ಪಾರ್ ಸಹ ಮಲಗಿದ್ದಾನೆ.

ಸಹಿಗೂ ವಿರಾಮಕ್ಕೂ ನಡುವೆ ಸುಮಾರು ಆರು ಗಂಟೆಗಳ ಅವಕಾಶವೇಕೆ? ವಾರ್ತೆಯು ರಣರಂಗದ ಮೂಲೆಮೂಲೆಯನ್ನು ಮುಟ್ಟಬೇಡವೇ ಎನ್ನುವಿರಿ, ಒಪ್ಪಿದೆ. ಆದರೆ ವಾರ್ತೆ ತಲುಪಿದ ಮೇಲೆಯೂ ಪಡೆಗಳನ್ನು ಮುನ್ನಡೆಸಿದ ಸೇನಾಧಿಪತಿಗಳ ವಿವೇಕವನ್ನು ಏನೆನ್ನೋಣ? ಬಲ್ಲವರು ತಿಳಿಸಿರಿ.